ಗೋರಿ ತೋಡಿದವರ ಊರು

ಈಜಿಪ್ಟಿನ ಲಕ್ಸರಿನಲ್ಲಿ ನೈಲ್ ನದಿಯ ಪಶ್ಚಿಮ ದಂಡೆಯನ್ನು ಒಂದೇ ದಿನದಲ್ಲಿ ತೋರಿಸಿ ಮುಗಿಸುವ ಪ್ರವಾಸಗಳಿವೆ. ಬಿಸಿಲೇರುವ ಮೊದಲೇ ಬಸ್ಸು ಹೊರಡುತ್ತದೆ. ರಾಜರ ಕಣಿವೆಯಲ್ಲಿ ಒಂದೆರಡು ಗೋರಿ, ಆಮೇಲೆ ಬೆಟ್ಟದ ಬುಡದಲ್ಲಿ ಹತ್ಷೆಪ್ಸುತ್ ರಾಣಿಯ ದೇವಾಲಯ, ವಾಪಸು ಬರುವಾಗ ಮೆಮ್ನನ್ ಎಂದು ಕರೆಯುವ ಎರಡು ದೈತ್ಯ ವಿಗ್ರಹಗಳ ಮುಂದೆ ಫೋಟೋ. ಗೈಡು ಹೇಳುವುದೆಲ್ಲ ಒಂದೇ ಮಾತು: ಈ ರಾಜ ಇದನ್ನು ಕಟ್ಟಿಸಿದ, ಆ ರಾಣಿ ಅದನ್ನು ಕಟ್ಟಿಸಿದಳು. ಕಟ್ಟಿಸಿದರು, ಸರಿ. ಕಟ್ಟಿದವರು ಯಾರಪ್ಪ?

ಉತ್ತರ ಅಲ್ಲೇ, ಗುಡ್ಡದ ಮರೆಯಲ್ಲಿದೆ. ದೇರ್ ಎಲ್ ಮದೀನಾ ಎಂಬ ಹಾಳೂರು. ಸುತ್ತುಗೋಡೆಯೊಳಗೆ ಒಂದಕ್ಕೊಂದು ಅಂಟಿಕೊಂಡ ಸುಮಾರು 68 ಮನೆಗಳ ಮೋಟು ಗೋಡೆಗಳು. ರಾಜರ ಗೋರಿ ತೋಡಿದ ಕಲ್ಲುಕುಟಿಗರು, ಗಾರೆಯವರು, ಚಿತ್ರ ಬರೆದವರು ಹೆಂಡತಿ ಮಕ್ಕಳ ಜೊತೆ ಸುಮಾರು 400 ವರ್ಷ ಬಾಳಿದ ಊರು ಇದು. 1922ರಿಂದ 1951ರವರೆಗೆ ಫ್ರಾನ್ಸಿನ ಬರ್ನಾರ್ ಬ್ರುಯೇರ್ ಇಲ್ಲಿ ಅಗೆಸಿದ. ಅದೇ 1922ರ ನವೆಂಬರಿನಲ್ಲಿ ಗುಡ್ಡದಾಚೆ ತುತಂಖಾಮನ್ ಗೋರಿ ಸಿಕ್ಕಿತ್ತು. ಲೋಕದ ಕಣ್ಣೆಲ್ಲ ಆ ಚಿನ್ನದ ಮೇಲೆ. ಇಲ್ಲಿ ಸಿಕ್ಕಿದ್ದು ಮಡಕೆಚೂರು, ಕಲ್ಲುಚಕ್ಕೆ. ಆದರೆ ಅವುಗಳ ಮೇಲೆ ಬರಹವಿತ್ತು: ಸಾಲದ ಲೆಕ್ಕ, ಜಗಳ, ಪ್ರೇಮದ ಹಾಡು.

ಎರಡನೆಯ ರಾಮ್ಸೆಸ್ ಕಾಲದ ಒಂದು ಹಾಜರಿ ಪಟ್ಟಿ ಈಗ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದೆ. ಕೆಲಸಕ್ಕೆ ಬಾರದವರ ಹೆಸರು, ಕಾರಣ ಅದರಲ್ಲಿವೆ. ಒಬ್ಬನಿಗೆ ಚೇಳು ಕಡಿದಿದೆ. ಒಬ್ಬನಿಗೆ ಕಣ್ಣು ಬೇನೆ. ಒಬ್ಬ ತಾಯಿಯ ಹೆಣಕ್ಕೆ ಬಟ್ಟೆ ಸುತ್ತುತ್ತಿದ್ದಾನೆ. ರಾಜರ ಗೋಡೆಗಳ ಮೇಲೆ ಇಂಥ ಮನುಷ್ಯರು ಸಿಕ್ಕುವುದಿಲ್ಲ.

ಎಂಟು ದಿನ ದುಡಿತ, ಎರಡು ದಿನ ಬಿಡುವು. ನಾಣ್ಯ ಇರಲಿಲ್ಲ, ಕೂಲಿ ಕಾಳಿನಲ್ಲಿ. ಒಬ್ಬ ಆಳಿಗೆ ತಿಂಗಳಿಗೆ ಗೋಧಿ 4 ಮೂಟೆ, ಜವೆ ಒಂದೂವರೆ ಮೂಟೆ. ಕಾಳು ಬರದಿದ್ದರೆ ಉಪವಾಸ.

ಬರಲಿಲ್ಲ. ಮೂರನೆಯ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷ, ಕ್ರಿ.ಪೂ. 1157ರ ಸುಮಾರು. 18 ದಿನ ಕಾದರು. ಆಮೇಲೆ ಕೆಲಸ ಬಿಟ್ಟು, ಕಾವಲಿನ ಐದು ಗೋಡೆ ದಾಟಿ ಬಂದು ಮೂರನೆಯ ತುತ್ಮೋಸನ ದೇವಾಲಯದ ಹಿಂದೆ ಕೂತರು. ಅಧಿಕಾರಿಗಳು ಬಂದರು, ಆಣೆ ಇಟ್ಟರು. ಇವರು ಏಳಲಿಲ್ಲ. ಮುಂದೆ ರಾಮೆಸ್ಸಿಯಮ್ ದೇವಾಲಯಕ್ಕೇ ಹೋದರು. ಹಸಿವು ನೀರಡಿಕೆ ನಮ್ಮನ್ನು ಇಲ್ಲಿಗೆ ತಂದಿದೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ಸೊಪ್ಪು ತರಕಾರಿ ಇಲ್ಲ, ರಾಜನಿಗೆ ಬರೆದು ತಿಳಿಸಿ ಅಂದರು. ಆ ದೇವಾಲಯದ ಮಗ್ಗುಲಲ್ಲಿ ಇಟ್ಟಿಗೆ ಕಮಾನಿನ ಕಣಜಗಳ ಸಾಲು ಇಂದಿಗೂ ನಿಂತಿದೆ. ಹಸಿದವರಿಗೆ ಕಾಳು ಎಲ್ಲಿದೆ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊನೆಗೆ ಹಿಂದಿನ ತಿಂಗಳ ಕಾಳು ಸಿಕ್ಕಿತು. ಮತ್ತೆ ಬಾಕಿ ಬಿತ್ತು, ಮತ್ತೆ ಕೂತರು. ಇದನ್ನು ಬರೆದಿಟ್ಟ ಹಾಳೆ ಇಟಲಿಯ ತೂರಿನ್ ಮ್ಯೂಜಿಯಮ್ಮಿನಲ್ಲಿದೆ. ಬರಹದಲ್ಲಿ ಉಳಿದ ಜಗತ್ತಿನ ಮೊದಲ ಮುಷ್ಕರ ಇದೇ ಎನ್ನುತ್ತಾರೆ.

ಅದೇ ರಾಜನ ದೇವಾಲಯ ಅನತಿ ದೂರದ ಮದೀನತ್ ಹಾಬುವಿನಲ್ಲಿದೆ. ಗೋಡೆಯ ಮೇಲೆ ವೈರಿಗಳಿಂದ ಕತ್ತರಿಸಿದ ಕೈಗಳ ರಾಶಿ, ಅದನ್ನು ಎಣಿಸಿ ಬರೆಯುವ ಲಿಪಿಕಾರ. ಕಡಿದ ಕೈಗಳಿಗೆ ಲೆಕ್ಕ ಚೊಕ್ಕವಾಗಿತ್ತು. ದುಡಿದ ಕೈಗಳ ಲೆಕ್ಕ ಮಾತ್ರ ಬಾಕಿ.

ಇವರನ್ನು ಗುಲಾಮರು ಎಂದುಬಿಟ್ಟರೆ ತಪ್ಪು. ಇವರು ಕಸಬುದಾರರು, ಹೊಲದ ರೈತನಿಗಿಂತ ಅನುಕೂಲಸ್ಥರು. ಇವರಿಗೂ ಕೆಳಗೆ ಜನ ಇದ್ದರು. ಊರಲ್ಲಿ ಬಾವಿ ಇರಲಿಲ್ಲ. ಕತ್ತೆಗಳ ಮೇಲೆ ನೀರು ಹೇರಿ ತರುವವರು, ಬಟ್ಟೆ ಒಗೆಯುವ ಅಗಸರು, ಸೌದೆಯವರು, ಮೀನಿನವರು, ಎಲ್ಲರೂ ಗೋಡೆಯ ಹೊರಗಿನವರು. ಯಾವ ಯಾವ ಮನೆಯ ಬಟ್ಟೆ ಯಾವ ಅಗಸನಿಗೆ ಅನ್ನುವ ಪಟ್ಟಿಗಳೂ ಸಿಕ್ಕಿವೆ.

ಇನ್ನೊಂದಿದೆ. ಒಂದು ಪಾಠ ಲಿಪಿಕಾರನನ್ನು ಹೊಗಳುತ್ತದೆ. ಕುಂಬಾರ, ಅಗಸ, ಬಡಗಿ, ಗಾರೆಯವ, ಎಲ್ಲರನ್ನೂ ಹೀಯಾಳಿಸುತ್ತದೆ. ಈ ಊರಿನಲ್ಲೂ ಅಕ್ಷರ ಕಲಿಯುವವರು ಅದನ್ನೇ ಕಲ್ಲುಚಕ್ಕೆಯ ಮೇಲೆ ತಿದ್ದಿದ್ದಾರೆ. ಮೈಮುರಿದು ದುಡಿಯುವವರ ಊರಲ್ಲಿ ದುಡಿಮೆಯನ್ನು ಹಳಿಯುವ ಪಾಠ! ಅಕ್ಷರದ ಜೊತೆ ಅಕ್ಷರದ ಅಹಂಕಾರವನ್ನೂ ಕಲಿಸುವುದು ನಿನ್ನೆ ಮೊನ್ನೆಯದಲ್ಲ.

ಆದರೂ ಇವರು ದುಡಿಮೆಗೆ ನಾಚಿದವರಲ್ಲ. ಊರಿನ ಪಕ್ಕದಲ್ಲೇ ಸೆನ್ನೆಜೆಮ್ ಎಂಬ ಕೆಲಸಗಾರನ ಗೋರಿ ಇದೆ; 1886ರಲ್ಲಿ ಯಾರೂ ಮುಟ್ಟದ ಹಾಗೆ ಸಿಕ್ಕಿತು. ಅದರ ಗೋಡೆಯಲ್ಲಿ ಸತ್ತ ಮೇಲಿನ ಲೋಕ. ಅವನು ಎತ್ತು ಕಟ್ಟಿ ಉಳುತ್ತಿದ್ದಾನೆ, ಹೆಂಡತಿ ಬೀಜ ಚೆಲ್ಲುತ್ತಾ ಹಿಂದೆ ಬರುತ್ತಿದ್ದಾಳೆ. ಅಲ್ಲಿ ಅವರು ಬೇಡಿದ್ದು ಸಿಂಹಾಸನವನ್ನಲ್ಲ, ತುಂಬು ಬೆಳೆಯನ್ನು.

ಹತ್ತಿರದ ಕುರ್ನಾದಲ್ಲಿ ತಲೆಮಾರುಗಳಿಂದ ಗೋರಿಗಳ ನಡುವೆಯೇ ಮನೆ ಮಾಡಿಕೊಂಡಿದ್ದ ಬಡವರಿದ್ದರು. ವಿದೇಶಿ ಪಂಡಿತರ ಅಗೆತಕ್ಕೆ ಬುಟ್ಟಿ ಹೊತ್ತವರಲ್ಲಿ ಇವರೂ ಇದ್ದರು. 2006ರ ಕೊನೆಯಿಂದ ಸರ್ಕಾರ ಅವರ ಮನೆಗಳನ್ನು ಕೆಡವಿಸಿ ಬೇರೆ ಕಡೆ ಸಾಗಿಸಿತು. ಸತ್ತವರ ಮನೆ ಉಳಿಯಬೇಕು ಅಂತ ಬದುಕಿದ್ದವರ ಮನೆ ಹೋಯಿತು.

ಹೋಗುವವರು ಹೋಗಿಬನ್ನಿ. ರಾಜರ ಗೋರಿಯನ್ನೂ ನೋಡಿ. ಅದರ ಬಣ್ಣದಲ್ಲಿ ಇವರ ಬೆವರಿದೆ. ಆದರೆ ಬಸ್ಸು ಈ ಹಾಳೂರನ್ನು ಬಿಟ್ಟು ಮುಂದೆ ಹೋದರೆ ನಿಲ್ಲಿಸಲು ಹೇಳಿ. ಇಳಿದು ಆ ಓಣಿಯಲ್ಲಿ ನಡೆಯಿರಿ. ಹಸಿದವರು ಎದ್ದು ಹೊರಟದ್ದು ಅಲ್ಲಿಂದಲೇ.