ಅರ್ಕಾವತಿ ನದಿ ಕಣಿವೆ: ಸಂರಕ್ಷಣೆಯಲ್ಲಿ ಸ್ವಯಂಸೇವಕರ ಪಾತ್ರ ಹಾಗೂ ಸಾರ್ವಜನಿಕರಿಗೆ ಮಾಹಿತಿ

ನದಿಯ ಪರಿಚಯ

ಅರ್ಕಾವತಿ ನದಿಯು ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ತಾಲ್ಲೂಕಿನ ಮೂಲಕ ಹರಿಯುತ್ತದೆ. ನಂತರ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ ಹಾಗೂ ಕನಕಪುರಗಳನ್ನು ಹಾದು, ಸುಮಾರು 190 ಕಿ.ಮೀ. ದೂರ ಕ್ರಮಿಸಿ ಸಂಗಮ ಎಂಬಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿಯು ಇದರ ಉಪನದಿಯಾಗಿದ್ದು, ತಿಪ್ಪಗೊಂಡನಹಳ್ಳಿಯಲ್ಲಿ ಇದನ್ನು ಸೇರುತ್ತದೆ.

ಕನಕಪುರದಿಂದ ಕೆಳಗೆ ಈ ನದಿಯು ಬಂಡೆಗಳನ್ನು ಕೊರೆದುಕೊಂಡು ಕಮರಿಯಾಗಿ ಇಳಿಯುತ್ತದೆ. ಚುಂಚಿ ಜಲಪಾತವು ಈ ಭಾಗದಲ್ಲಿದೆ. ಸಂಗಮದ ಮುಂದೆ ಮೇಕೆದಾಟುವಿನಲ್ಲಿ ಕಾವೇರಿಯೇ ಕಿರಿದಾದ ಕಲ್ಲಿನ ಸಂದಿಯಲ್ಲಿ ನುಗ್ಗುತ್ತದೆ. 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾಗುವವರೆಗೆ ಈ ಪ್ರದೇಶವು ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತು. ಜಿಲ್ಲೆಯ ಗಡಿ ಬದಲಾದರೂ ನೀರಿನ ದಾರಿ ಬದಲಾಗಿಲ್ಲ. ದೊಡ್ಡಬಳ್ಳಾಪುರದಲ್ಲಿ ಮುಚ್ಚಿದ ಒಂದು ಕಾಲುವೆಯ ಪರಿಣಾಮ ಕೆಳಗಿನ ಕಮರಿಯವರೆಗೂ ತಲುಪುತ್ತದೆ.

ಮೇಲ್ಭಾಗದ ಕಣಿವೆಗೆ ಬರುವವರು "ನದಿ ಎಲ್ಲಿದೆ?" ಎಂದು ಕೇಳುವುದು ಸಾಮಾನ್ಯ. ಇಲ್ಲಿ ಅರ್ಕಾವತಿಯು ಎರಡು ದಡಗಳ ನಡುವಿನ ಹೊಳೆಯಲ್ಲ, ಕೆರೆಗಳ ಸರಪಳಿ. ಒಂದು ಕೆರೆ ತುಂಬಿ ಕೋಡಿ ಬಿದ್ದ ನೀರು ಹಳ್ಳದ ಮೂಲಕ ಮುಂದಿನ ಕೆರೆಗೆ ಸೇರುತ್ತದೆ. ದೊಡ್ಡತುಮಕೂರು, ಮಧುರೆ, ಬ್ಯಾತ, ಕಾಕೋಳು ಮುಂತಾದ ಕೆರೆಗಳು ಈ ವ್ಯವಸ್ಥೆಗೆ ಸೇರಿದವು. ಆದುದರಿಂದ ಇಲ್ಲಿ ನದಿಯನ್ನು ಕಾಪಾಡುವುದೆಂದರೆ ಕೆರೆಯ ಏರಿ, ತೂಬು, ಕೋಡಿ ಹಾಗೂ ರಾಜಕಾಲುವೆಗಳನ್ನು ಕಾಪಾಡುವುದೇ ಆಗಿದೆ. ಹಿಂದೆ ಈ ಕಾರ್ಯವನ್ನು ಊರಿನ ನೀರುಗಂಟಿಗಳು ನಿರ್ವಹಿಸುತ್ತಿದ್ದರು. ಆ ಪದ್ಧತಿ ಬಹುತೇಕ ಮರೆಯಾಗಿದ್ದು, ತೆರವಾದ ಆ ಸ್ಥಾನವನ್ನು ಇಂದು ಸ್ವಯಂಸೇವಕರು ತುಂಬಬೇಕಾಗಿದೆ.

ಹರಿವು ಕ್ಷೀಣಿಸಿದ ಬಗೆ

ಬೆಂಗಳೂರು ನಗರಕ್ಕೆ ಕೊಳವೆಯ ಮೂಲಕ ಮೊದಲು ನೀರು ಬಂದದ್ದು ಅರ್ಕಾವತಿಯಿಂದ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಅವಧಿಯಲ್ಲಿ, 1894ರಲ್ಲಿ ಹೆಸರಘಟ್ಟ ಜಲಾಶಯವೂ, ಅವರ ಕಾಲದ ನಂತರ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವೂ ನಿರ್ಮಾಣಗೊಂಡವು. ಕಾಲಕ್ರಮೇಣ ಎರಡಕ್ಕೂ ಒಳಹರಿವು ಕುಸಿಯಿತು. ಮಳೆ ಕಡಿಮೆಯಾದುದೇ ಇದಕ್ಕೆ ಕಾರಣವೆಂಬುದು ಜನಸಾಮಾನ್ಯರ ನಂಬಿಕೆ. ಆದರೆ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಮಳೆಯ ಬದಲಾವಣೆಗಿಂತಲೂ ಕೊಳವೆ ಬಾವಿಗಳ ಮೂಲಕ ಅಂತರ್ಜಲದ ಅತಿಯಾದ ಬಳಕೆ ಹಾಗೂ ನೀಲಗಿರಿ ನೆಡುತೋಪುಗಳನ್ನು ಪ್ರಮುಖ ಕಾರಣಗಳೆಂದು ಗುರುತಿಸಿದೆ. ರಾಜ್ಯ ಸರ್ಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಿಂದೆ ನೆಟ್ಟ ತೋಪುಗಳು ಕಡಿದ ನಂತರವೂ ಬುಡದಿಂದ ಚಿಗುರುವುದರಿಂದ, ನಿಷೇಧದ ಫಲವು ನೆಲದಲ್ಲಿ ಕಾಣಲು ಬೇರು ತೆಗೆಯುವ ಕೆಲಸವೂ ಅಗತ್ಯ.

ತಿಪ್ಪಗೊಂಡನಹಳ್ಳಿ ಜಲಾನಯನ ಪ್ರದೇಶದ ರಕ್ಷಣೆಗಾಗಿ ಸರ್ಕಾರವು 2003ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿ, ಪ್ರದೇಶವನ್ನು ವಲಯಗಳನ್ನಾಗಿ ವಿಂಗಡಿಸಿ ಕಟ್ಟಡ ಹಾಗೂ ಕೈಗಾರಿಕೆಗಳ ಮೇಲೆ ನಿರ್ಬಂಧ ವಿಧಿಸಿತು. 2019ರಲ್ಲಿ ಇದನ್ನು ಪರಿಷ್ಕರಿಸಲಾಗಿದೆ. ಈ ಭಾಗದಲ್ಲಿ ಭೂ ಪರಿವರ್ತನೆಗೆ ಅರ್ಜಿ ಸಲ್ಲಿಸುವವರು, ಹಾಗೆಯೇ ಇತರರ ಪರಿವರ್ತನೆಗೆ ಆಕ್ಷೇಪಣೆ ಸಲ್ಲಿಸುವವರು ಸಹ, ತಮ್ಮ ಸರ್ವೆ ನಂಬರು ಯಾವ ವಲಯದಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

ದೊಡ್ಡತುಮಕೂರಿನ ಉದಾಹರಣೆ

ನೀರು ಬಾರದಿರುವುದು ಒಂದು ಸಮಸ್ಯೆಯಾದರೆ, ಬರಬಾರದ ನೀರು ಬರುವುದು ಇನ್ನೊಂದು. ದೊಡ್ಡಬಳ್ಳಾಪುರ ಪಟ್ಟಣದ ಒಳಚರಂಡಿ ನೀರು ಹಾಗೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ನೀರು ಚಿಕ್ಕತುಮಕೂರು ಮತ್ತು ದೊಡ್ಡತುಮಕೂರು ಕೆರೆಗಳಿಗೆ ಸೇರುತ್ತಿದೆ ಎಂದು ದೊಡ್ಡತುಮಕೂರು ಹಾಗೂ ಮಜರಾ ಹೊಸಹಳ್ಳಿ ಗ್ರಾಮ ಪಂಚಾಯಿತಿಗಳ ಗ್ರಾಮಸ್ಥರು 2020ರ ದಶಕದ ಆರಂಭದ ವರ್ಷಗಳಲ್ಲಿ ಧರಣಿ, ಪ್ರತಿಭಟನೆಗಳನ್ನು ನಡೆಸಿದರು. ಕೆರೆಯ ನೀರು ಕೊಳವೆ ಬಾವಿಗಳಿಗೂ ಇಳಿಯುವುದರಿಂದ, ಇದು ಕೆರೆಯ ಅಂದಚೆಂದದ ವಿಷಯವಾಗಿರದೆ ಮನೆಯ ಕುಡಿಯುವ ನೀರಿನ ವಿಷಯವಾಗಿತ್ತು. ಶುದ್ಧೀಕರಣ ಘಟಕ ಹಾಗೂ ಪರ್ಯಾಯ ಕುಡಿಯುವ ನೀರು ಅವರ ಬೇಡಿಕೆಗಳಾಗಿದ್ದವು.

ಕೆರೆಯ ದಂಡೆಯಲ್ಲಿ ಒಂದು ಭಾನುವಾರ ಪ್ಲಾಸ್ಟಿಕ್ ಆಯುವುದು ಒಳ್ಳೆಯ ಕೆಲಸವೇ ಸರಿ. ಆದರೆ ಇಂತಹ ಪ್ರಕರಣದಲ್ಲಿ ಅದರಿಂದ ನೀರು ಶುದ್ಧವಾಗುವುದಿಲ್ಲ. ಯಾವ ಕಾಲುವೆಯಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ ನೊರೆ ಅಥವಾ ದುರ್ವಾಸನೆ ಕಂಡಿತು ಎಂಬ ಟಿಪ್ಪಣಿ ಪುಸ್ತಕವೇ ಸ್ವಯಂಸೇವಕರು ಇಲಾಖೆಗೆ ಕೊಡಬಹುದಾದ ಅತ್ಯಂತ ಬೆಲೆಯುಳ್ಳ ದಾಖಲೆ.

ದೂರು ಮತ್ತು ಅರ್ಜಿ ಸಲ್ಲಿಕೆ

ಹೆಚ್ಚಿನ ಅರ್ಜಿಗಳು ವಿಳಂಬವಾಗುವುದು ಅವು ತಪ್ಪು ಕಚೇರಿಗೆ ಹೋಗುವುದರಿಂದ. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಹೆಚ್ಚಿನ ಅಚ್ಚುಕಟ್ಟು ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೂ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಗೂ ಬರುತ್ತವೆ. ಒತ್ತುವರಿಯ ದೂರನ್ನು ಮಾತ್ರ ಎರಡೂ ಸಂದರ್ಭಗಳಲ್ಲಿ ತಹಶೀಲ್ದಾರರಿಗೆ ಸಲ್ಲಿಸತಕ್ಕದ್ದು. ಸರ್ಕಾರಿ ಜಮೀನಿನ ಒತ್ತುವರಿಯು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 192-ಎ ಪ್ರಕಾರ ಶಿಕ್ಷಾರ್ಹ ಅಪರಾಧವಾಗಿರುತ್ತದೆ.

ಒತ್ತುವರಿ ದೂರಿನಲ್ಲಿ "ಕಾಲುವೆ ಮುಚ್ಚಿದ್ದಾರೆ" ಎಂದಷ್ಟೇ ಬರೆದರೆ ಸಾಲದು. ಗ್ರಾಮದ ಹೆಸರು, ಹೋಬಳಿ ಹಾಗೂ ಅಕ್ಕಪಕ್ಕದ ಸರ್ವೆ ನಂಬರುಗಳನ್ನು ನಮೂದಿಸಿ, ಗ್ರಾಮ ನಕ್ಷೆಯ ಪ್ರತಿಯಲ್ಲಿ ಸ್ಥಳವನ್ನು ಗುರುತು ಮಾಡಿ ಲಗತ್ತಿಸಬೇಕು. ಗ್ರಾಮ ನಕ್ಷೆಗಳು ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಲಭ್ಯವಿವೆ. ಹಳ್ಳ ಮತ್ತು ಕಾಲುವೆಗಳು ಬಹುಮಟ್ಟಿಗೆ ಬಿ-ಖರಾಬು ಎಂದು ದಾಖಲಾಗಿರುತ್ತವೆ. ಪಹಣಿಯಲ್ಲಿ ಖಾಸಗಿ ವ್ಯಕ್ತಿಯ ಹೆಸರಿದ್ದ ಮಾತ್ರಕ್ಕೆ ಅದರೊಳಗಿನ ಬಿ-ಖರಾಬು ಭಾಗವು ಆತನದಾಗುವುದಿಲ್ಲ. ಗಡಿಯ ಬಗ್ಗೆ ವಿವಾದವಿದ್ದಲ್ಲಿ ಅಳತೆಯೇ ಮೊದಲ ಹೆಜ್ಜೆ. ಸ್ವಯಂಸೇವಕರು ತಾವೇ ಬೇಲಿ ಕೀಳುವುದಾಗಲಿ, ಜೆಸಿಬಿ ತರಿಸುವುದಾಗಲಿ ಮಾಡಕೂಡದು.

ಜಲ ಮಾಲಿನ್ಯದ ದೂರುಗಳನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಸಲ್ಲಿಸಬೇಕು. ಇಲ್ಲಿ ಒಂದು ವಿಷಯವನ್ನು ಅನೇಕರು ತಿಳಿದಿರುವುದಿಲ್ಲ. ಸಾರ್ವಜನಿಕರು ಬಾಟಲಿಯಲ್ಲಿ ತುಂಬಿ ತಂದ ನೀರನ್ನು ಮಂಡಳಿಯು ತೆಗೆದ ಮಾದರಿಯಂತೆ ಪರಿಗಣಿಸಲಾಗುವುದಿಲ್ಲ; ಜಲ ಕಾಯ್ದೆ, 1974ರ ಕಲಂ 21ರಲ್ಲಿ ಹೇಳಿದ ವಿಧಾನದಲ್ಲಿಯೇ ಅಧಿಕಾರಿಗಳು ಮಾದರಿ ಸಂಗ್ರಹಿಸಿರಬೇಕು. ಹೀಗಾಗಿ ತ್ಯಾಜ್ಯ ಹರಿಯುತ್ತಿರುವಾಗಲೇ ತಿಳಿಸುವುದು ಮುಖ್ಯ. ಮರುದಿನ ಬರುವ ಅಧಿಕಾರಿಗೆ ತಿಳಿನೀರು ಕಾಣಬಹುದು. ಮಂಡಳಿಯು ಕ್ರಮ ಕೈಗೊಳ್ಳದಿದ್ದಲ್ಲಿ, ಅದೇ ಕಾಯ್ದೆಯ ಕಲಂ 49ರ ಮೇರೆಗೆ 60 ದಿನಗಳಿಗೆ ಕಡಿಮೆಯಿಲ್ಲದ ನೋಟಿಸ್ ನೀಡಿ ನಾಗರಿಕರು ತಾವೇ ನ್ಯಾಯಾಲಯಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠಕ್ಕೂ ಮೊರೆ ಹೋಗಬಹುದು. ವ್ಯಾಜ್ಯ ಕಾರಣ ಮೊದಲು ಉದ್ಭವಿಸಿದ 6 ತಿಂಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ದಿನಾಂಕ ಸಹಿತ ಟಿಪ್ಪಣಿ ಪುಸ್ತಕದ ಮಹತ್ವ ಇಲ್ಲಿಯೂ ಎದ್ದು ಕಾಣುತ್ತದೆ.

ಹಿಂದಿನ ದೂರಿನ ಮೇಲೆ ಏನು ಕ್ರಮವಾಗಿದೆ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಕೇಳಬಹುದಾಗಿದ್ದು, 30 ದಿನಗಳಲ್ಲಿ ಉತ್ತರ ನೀಡಬೇಕಾಗಿರುತ್ತದೆ. ಕಡತವನ್ನು ಖುದ್ದಾಗಿ ಪರಿಶೀಲಿಸಲು ಕೋರುವುದು ಪ್ರತಿಗಳನ್ನು ಕೇಳುವುದಕ್ಕಿಂತ ಅನೇಕ ವೇಳೆ ಹೆಚ್ಚು ಉಪಯುಕ್ತ.

ಪುನಶ್ಚೇತನ ಕಾರ್ಯ

ಕುಮುದ್ವತಿ ಜಲಾನಯನದಲ್ಲಿ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯ ಸ್ವಯಂಸೇವಕರು 2013ರಿಂದ ಇಂಗುಬಾವಿಗಳು ಹಾಗೂ ಕಲ್ಲಿನ ತಡೆಗಳನ್ನು ನಿರ್ಮಿಸಿದ್ದಾರೆ. ಇಳಿಜಾರಿನ ನೀರಿನ ವೇಗ ತಗ್ಗಿಸಿ ನೆಲಕ್ಕೆ ಇಂಗಿಸುವುದು ಇದರ ಉದ್ದೇಶ. ಇಂತಹ ಕಾಮಗಾರಿ ಕೈಗೊಳ್ಳಲಿಚ್ಛಿಸುವ ಸಂಘಗಳು ಜಮೀನು ಅರಣ್ಯ, ಕಂದಾಯ ಅಥವಾ ಪಂಚಾಯಿತಿ ಪೈಕಿ ಯಾವುದಕ್ಕೆ ಸೇರಿದೆ ಎಂದು ತಿಳಿದು, ಸಂಬಂಧಪಟ್ಟ ಕಚೇರಿಯ ಲಿಖಿತ ಅನುಮತಿ ಪಡೆಯಬೇಕು. ಕೆರೆಯ ಹೂಳನ್ನು ಜಮೀನಿಗೆ ಒಯ್ಯಲೂ ಅನುಮತಿ ಅಗತ್ಯ. ಹೂಳಿನ ಹೆಸರಿನಲ್ಲಿ ಮರಳು ಅಥವಾ ಜೇಡಿಮಣ್ಣು ಸಾಗಿಸುವುದನ್ನು ಕಂಡಲ್ಲಿ ತಿಳಿಸಬೇಕು. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಪಾಲ್ಗೊಂಡು, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಊರಿನ ಕೆರೆ, ಹಳ್ಳಗಳ ವಿವರ ಬರೆಸುವುದೂ ಸೂಕ್ತ.

ಜಿಲ್ಲೆಯ ಅಂಚಿನಲ್ಲಿರುವ ಹೆಸರಘಟ್ಟ ಹುಲ್ಲುಗಾವಲಿನ ವಿಷಯದಲ್ಲಿ ಪಕ್ಷಿವೀಕ್ಷಕರೂ ಪರಿಸರಾಸಕ್ತರೂ ಹಲವು ವರ್ಷ ಪಟ್ಟ ಶ್ರಮ ಇಲ್ಲಿ ಉಲ್ಲೇಖನೀಯ. ಅದನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವನೆಯನ್ನು 2021ರಲ್ಲಿ ತಿರಸ್ಕರಿಸಿದ್ದ ರಾಜ್ಯ ವನ್ಯಜೀವಿ ಮಂಡಳಿಯು, 2024ರ ಅಕ್ಟೋಬರ್‌ನಲ್ಲಿ 5,678 ಎಕರೆಗೆ ಒಪ್ಪಿಗೆ ನೀಡಿತು.

ವಿಹಾರಕ್ಕೆ ಬರುವವರಿಗೆ

ಕಣಿವೆಯನ್ನು ನೋಡಲು ಮುಂಗಾರು ಕಳೆದ ತಿಂಗಳುಗಳು ಉತ್ತಮ. ಕೆರೆ ಏರಿಗಳ ಮೇಲೆ ಬೆಳಗಿನ ನಡಿಗೆ ಹಾಗೂ ಪಕ್ಷಿವೀಕ್ಷಣೆಗೆ ಪ್ರತ್ಯೇಕ ಅನುಮತಿ ಬೇಕಿಲ್ಲ. ಏರಿಯ ಮೇಲೆ ವಾಹನ ಓಡಿಸಬಾರದು. ಘಾಟಿ ಸುಬ್ರಹ್ಮಣ್ಯ ಸಮೀಪದ ಮಾಕಳಿದುರ್ಗ ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಮುಂಚಿತವಾಗಿ ಕಾಯ್ದಿರಿಸತಕ್ಕದ್ದು. ರೈಲು ಹಳಿಗಳ ಮೇಲೆ ನಡೆದು ಬೆಟ್ಟ ತಲುಪುವ ಅಭ್ಯಾಸ ಕೆಲವರಲ್ಲಿದೆ. ಇದು ರೈಲ್ವೆ ಕಾಯ್ದೆ, 1989ರ ಕಲಂ 147ರ ಪ್ರಕಾರ ಅಪರಾಧ, ಜೊತೆಗೆ ಪ್ರಾಣಾಪಾಯಕಾರಿ.

ಕೆಳಗಿನ ಕಮರಿಗೆ, ಅಂದರೆ ಚುಂಚಿ, ಸಂಗಮ ಹಾಗೂ ಮೇಕೆದಾಟುವಿಗೆ ಹೋಗುವವರು ನೀರಿಗೆ ಇಳಿಯಬಾರದು. ಬಂಡೆಗಳ ನಡುವಿನ ಗುಂಡಿಗಳು ಮೇಲಿನಿಂದ ಆಳವಿಲ್ಲದಂತೆ ತೋರುತ್ತವೆ; ಅಲ್ಲಿ ಈಜಲು ಹೋಗಿ ಜೀವ ಕಳೆದುಕೊಂಡ ಪ್ರಕರಣಗಳು ಮರುಕಳಿಸುತ್ತಲೇ ಇವೆ. ಮೇಲೆ ಎಲ್ಲೋ ಮಳೆಯಾದರೆ ಬಿಸಿಲಿರುವಾಗಲೇ ನೀರು ಏರಬಹುದು. ಮೇಕೆದಾಟು ಪ್ರದೇಶವು ಕಾವೇರಿ ವನ್ಯಜೀವಿ ಧಾಮಕ್ಕೆ ಹೊಂದಿಕೊಂಡಿರುವುದರಿಂದ ಪ್ಲಾಸ್ಟಿಕ್ ಎಸೆಯುವುದು, ಬೆಂಕಿ ಹಚ್ಚುವುದು ಹಾಗೂ ಸಂಜೆಯ ನಂತರ ಉಳಿಯುವುದು ಸಲ್ಲದು.