ಗಾಲಿಜಾಡಿನ ಆಳ: ನೇರಪಟ್ಟಿಯಿಂದ ಲೇಸರಿನವರೆಗೆ

ಭಾರವಾದ ವಾಹನಗಳು ಒಂದೇ ಜಾಡಿನಲ್ಲಿ ಸಂಚರಿಸುವುದರಿಂದ ಡಾಂಬರು ರಸ್ತೆಯಲ್ಲಿ ಉಂಟಾಗುವ ನೀಳವಾದ ತಗ್ಗು ಎಲ್ಲರೂ ಕಂಡಿರುವಂಥದೇ. ಅದು ಕೆಲವೆಡೆ ಬಿಸಿಲಿಗೆ ಮೆತ್ತಗಾದ ಮೇಲ್ಪದರವು ಪಕ್ಕಕ್ಕೆ ಸರಿದುದರ ಫಲ. ಕೆಲವೆಡೆ ತಳದ ಮಣ್ಣೇ ಕುಸಿದುದರ ಕುರುಹು. ಮಳೆಯ ನೀರು ಅದರಲ್ಲಿ ನಿಂತಾಗ ವೇಗವಾಗಿ ಬರುವ ವಾಹನದ ಟೈರು ನೆಲದ ಹಿಡಿತವನ್ನು ಕಳೆದುಕೊಳ್ಳುವುದೂ ಉಂಟು.

ಈ ತಗ್ಗಿನ ಆಳಕ್ಕೆ ಗಣಿತಶಾಸ್ತ್ರೀಯವಾದ ಸ್ಥಾನವು ದೊರೆತುದು ಅಮೆರಿಕದ ಇಲಿನಾಯ್ ಸಂಸ್ಥಾನದ ಒಟ್ಟಾವಾ ಊರಿನ ಬಳಿ ನಡೆದ ಮಹಾಪ್ರಯೋಗದಲ್ಲಿ. ಅಲ್ಲಿ 1958ರ ಅಕ್ಟೋಬರಿನಿಂದ 1960ರ ನವೆಂಬರಿನವರೆಗೆ ಸೈನಿಕರು ಭಾರದ ಲಾರಿಗಳನ್ನು ಹಗಲಿರುಳೆನ್ನದೆ ಓಡಿಸಿದರು. ರಸ್ತೆಯ ಮೇಲೆ ಹಾದುಹೋದ ಅಚ್ಚುಭಾರಗಳ ಸಂಖ್ಯೆ 11 ಲಕ್ಷವನ್ನು ಮೀರಿತು. ಅಳತೆಯ ಸಾಧನವಾದರೋ ಅತ್ಯಂತ ಸರಳ: 4 ಅಡಿಯ ಒಂದು ನೇರಪಟ್ಟಿ. ಅದನ್ನು ಜಾಡಿಗೆ ಅಡ್ಡಲಾಗಿರಿಸಿ ನಡುವಿನ ತಗ್ಗನ್ನು ಅಂಗುಲಗಳಲ್ಲಿ ಓದುತ್ತಿದ್ದರು. ರಸ್ತೆಯ ಗುಣವನ್ನು 0ಯಿಂದ 5ರವರೆಗೆ ಎಣಿಸುವ ಸೂತ್ರದಲ್ಲಿ ಈ ಆಳದ ವರ್ಗವನ್ನು 1.38ರಿಂದ ಗುಣಿಸಿ ಕಳೆಯಬೇಕಾಗಿದ್ದಿತು. ಅರ್ಧ ಅಂಗುಲದ ತಗ್ಗಿಗೆ ಕಳೆಯುವುದು 0.35ರಷ್ಟು, ಒಂದು ಅಂಗುಲಕ್ಕೆ ಅದರ ನಾಲ್ಕು ಪಟ್ಟು. ಹೀಗಿರುವಾಗ ಅಳತೆಯಲ್ಲಿನ ಅಲ್ಪ ದೋಷವೂ ಅಲ್ಪವಾಗಿ ಉಳಿಯುವುದಿಲ್ಲ.

ವಿಚಿತ್ರವೆಂದರೆ, ಈ ಪ್ರಯೋಗವು ಮುಗಿದ 1960ನೆಯ ವರ್ಷದಲ್ಲಿಯೇ ಥಿಯೋಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದನು. ಆದರೆ ಎರಡೂ ಕೂಡಿಬರಲು ಬಹುಕಾಲ ಹಿಡಿಯಿತು. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿಯೂ ತರುವಾಯ ಸ್ವೀಡನ್ನಿನಲ್ಲಿಯೂ ವಾಹನಕ್ಕೆ ಲೇಸರುಗಳನ್ನು ಜೋಡಿಸಿ ಓಡುತ್ತಲೇ ಅಳೆಯುವ ಕ್ರಮವು ರೂಪುಗೊಂಡಿತು. ಕಿರಣವು ನೆಲದ ಮೇಲೆ ಒಂದು ಚುಕ್ಕೆಯನ್ನು ಮೂಡಿಸುತ್ತದೆ; ಓರೆಯಾಗಿ ನೋಡುವ ಗ್ರಾಹಕದಲ್ಲಿ ಆ ಚುಕ್ಕೆಯ ಬಿಂಬವು ಸರಿದ ಪ್ರಮಾಣದಿಂದ ತ್ರಿಕೋಣಮಿತಿಯ ಮೂಲಕ ದೂರವನ್ನು ಗಣಿಸಲಾಗುತ್ತದೆ. ವಾಹನವು ಕುಪ್ಪಳಿಸಿದರೆ ಎಲ್ಲ ದೂರಗಳೂ ಒಂದೇ ಸಮನೆ ಬದಲಾಗುವುದರಿಂದ ತಗ್ಗಿನ ಆಕಾರವು ಕೆಡುವುದಿಲ್ಲ.

ಕೆಟ್ಟುದು ಬೇರೊಂದು ಕಾರಣದಿಂದ. ಮೂರು ಅಥವಾ ಐದು ಬಿಂದುಗಳಲ್ಲಿ ಮಾತ್ರ ಅಳೆಯುವ ಯಂತ್ರಗಳೇ ಬಹುಕಾಲ ಬಳಕೆಯಲ್ಲಿದ್ದುವು. ಚಾಲಕನು ಒಂದು ಗೇಣು ಆಚೀಚೆ ಸರಿದರೂ ತಗ್ಗಿನ ತಳವು ಕಿರಣಕ್ಕೆ ಸಿಕ್ಕದು. ಆದುದರಿಂದ ಅವು ಸಾಮಾನ್ಯವಾಗಿ ನಿಜವಾದ ಆಳಕ್ಕಿಂತ ಕಡಮೆಯನ್ನೇ ತೋರಿಸಿದುವು. ಈಚೆಗೆ ಕೆನಡಾದ ಕ್ವಿಬೆಕ್ ನಗರದಲ್ಲಿ ರೂಪುಗೊಂಡ ಯಂತ್ರವು ಸುಮಾರು 4 ಮೀಟರ್ ಅಗಲಕ್ಕೆ ಬೆಳಕಿನ ಗೆರೆಯನ್ನೇ ಎಳೆದು 4,000ಕ್ಕೂ ಮಿಕ್ಕ ಬಿಂದುಗಳನ್ನು ದಾಖಲಿಸುತ್ತದೆ. ಹಳೆಯ ಯಂತ್ರದ ಬದಲು ಇಂತಹುದನ್ನು ತಂದ ವರ್ಷ ರಸ್ತೆಗಳು ಒಮ್ಮೆಲೇ ಹದಗೆಟ್ಟಂತೆ ಲೆಕ್ಕದಲ್ಲಿ ಕಂಡುಬಂದರೆ ಆಶ್ಚರ್ಯವಿಲ್ಲ. ಇದು ಬರಿಯ ಪಂಡಿತರ ತಕರಾರಲ್ಲ: ಯಾವ ರಸ್ತೆಗೆ ಮೊದಲು ಹಣ ದೊರೆಯಬೇಕೆಂಬುದು ಈ ಅಂಕೆಗಳನ್ನು ಅವಲಂಬಿಸಿದೆ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ವಿನ್ಯಾಸಸೂತ್ರದಲ್ಲಿ 20 ಮಿಲಿಮೀಟರಿನ ತಗ್ಗು ರಸ್ತೆಯ ಸೋಲಿನ ಗುರುತು. ಆ ಗೆರೆಯ ಯಾವ ಪಕ್ಕದಲ್ಲಿ ರಸ್ತೆಯು ಬೀಳುವುದೆಂಬುದನ್ನು ಯಂತ್ರದ ಬದಲಾವಣೆಯೇ ನಿರ್ಧರಿಸಬಹುದು.

ಪಟ್ಟಿಯ ಉದ್ದವನ್ನೂ ಇಲ್ಲಿ ಮರೆಯುವಂತಿಲ್ಲ. ಅಗಲವಾದ ತಗ್ಗಿನೊಳಕ್ಕೆ ಗಿಡ್ಡ ಪಟ್ಟಿಯು ತಾನೇ ಇಳಿದುಬಿಡುವುದರಿಂದ, ಅದೇ ತಗ್ಗು ಉದ್ದ ಪಟ್ಟಿಯ ಕೆಳಗೆ ಹೆಚ್ಚು ಆಳವಾಗಿ ತೋರುತ್ತದೆ. ರಸ್ತೆಯ ಅಡ್ಡ ಆಕಾರವೆಲ್ಲವೂ ದಾಖಲಾಗಿದ್ದರೆ, ಅದರ ಮೇಲೆ ಯಾವ ಉದ್ದದ ಪಟ್ಟಿಯನ್ನಾದರೂ ಗಣಕದಲ್ಲಿಯೇ ಇರಿಸಿ ನೋಡಬಹುದು. ಒಟ್ಟಾವಾದ 4 ಅಡಿಯ ಪಟ್ಟಿಯನ್ನೂ ಕೂಡ. ಮೂರು ಬಿಂದುಗಳ ಯಂತ್ರಗಳು ಬಿಟ್ಟುಹೋದ ದಾಖಲೆಗಳಿಗೆ ಆ ಉಪಾಯವು ಒದಗುವುದಿಲ್ಲ.