ಕೊಳಚೆ ನೀರಿನಿಂದ ರಂಜಕ ಎತ್ತುವ ಕಾಂತಕಣಗಳು

ನಾವು ಉಂಡ ಅನ್ನ, ಬೇಳೆಯಲ್ಲಿದ್ದ ರಂಜಕದ ಬಹುಪಾಲು ಮಲಮೂತ್ರದೊಂದಿಗೆ ಚರಂಡಿ ಸೇರುತ್ತದೆ. ಅದನ್ನು ಮತ್ತೆ ಗೊಬ್ಬರವಾಗಿಸುವ ದಾರಿಗಳಲ್ಲಿ ಒಂದು, ಆಯಸ್ಕಾಂತಕ್ಕೆ ಓಗೊಡುವ ಅತಿಸಣ್ಣ ಕಣಗಳದು.

ಯಾಕೆ ಬೇಕು

ಪೈರಿಗೆ ರಂಜಕದ ಬದಲು ಬೇರೊಂದನ್ನು ಕೊಡಲಾಗದು. ಅದರ ಮೂಲ ಶಿಲಾರಂಜಕ. ಜಗತ್ತಿನ ನಿಕ್ಷೇಪದ ಸುಮಾರು ಶೇ. 70ರಷ್ಟು ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದಲ್ಲಿದೆ. ಡಿಎಪಿ ಗೊಬ್ಬರಕ್ಕೆ ಬೇಕಾದ ಕಚ್ಚಾವಸ್ತುವಿಗೆ ಭಾರತ ಬಹುಮಟ್ಟಿಗೆ ಹೊರದೇಶಗಳನ್ನೇ ನೆಚ್ಚಿಕೊಂಡಿದೆ. ಇತ್ತ ಬೆಂಗಳೂರಿನ ಬೆಳ್ಳಂದೂರಿನಂಥ ಕೆರೆಗಳಲ್ಲಿ ಅದೇ ರಂಜಕ ಪಾಚಿಯನ್ನೂ ಜಲಕಳೆಯನ್ನೂ ಕೊಬ್ಬಿಸುತ್ತದೆ. ದುಡ್ಡು ಕೊಟ್ಟು ತರಿಸಿದ್ದನ್ನು ಕೆರೆಗೆ ಸುರಿಯುವುದು ವಿಚಿತ್ರ ವ್ಯವಹಾರವೇ ಸರಿ.

ಕಣದೊಳಗೇನಿದೆ

ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯ ಮತ್ತು ವುರ್ಟ್ಸ್‌ಬರ್ಗಿನ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ರೂಪಿಸಿದ ಕಣದ ಒಡಲಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ನ್ಯಾನೋಕಣಗಳಿವೆ. ಅವನ್ನು ಸಿಲಿಕಾ ಹಿಡಿದಿಟ್ಟಿರುತ್ತದೆ. ಮೇಲೆ ಸತು, ಕಬ್ಬಿಣ, ಜಿರ್ಕೋನಿಯಂ ಬೆರೆತ ಲೇಪ. ನೀರಿನಲ್ಲಿ ಕರಗಿದ ರಂಜಕದ ರೂಪವಾದ ಫಾಸ್ಫೇಟ್ ಅಂಟಿಕೊಳ್ಳುವುದು ಈ ಲೇಪಕ್ಕೆ. ಆಯಸ್ಕಾಂತವನ್ನು ದೂರ ಸರಿಸಿದೊಡನೆ ಒಡಲಿನ ಕಾಂತಗುಣ ಅಡಗುವುದರಿಂದ, ಕಣಗಳು ಗಂಟುಕಟ್ಟದೆ ನೀರಿನಲ್ಲಿ ಮತ್ತೆ ಹರಡಿಕೊಳ್ಳುತ್ತವೆ.

ಹಿಡಿಯುವುದು, ಬಿಡಿಸುವುದು

ಹಿಡಿಯುವುದೇನೂ ಹೊಸದಲ್ಲ. ಪಟಿಕ ಅಥವಾ ಕಬ್ಬಿಣದ ಲವಣ ಹಾಕಿದರೂ ರಂಜಕ ತಳಕ್ಕಿಳಿಯುತ್ತದೆ. ಆದರೆ ಅದು ಲೋಹಕ್ಕೆ ಬಿಗಿಯಾಗಿ ಬೆಸೆದುಕೊಂಡು, ರಾಶಿಗಟ್ಟಲೆ ಕೆಸರಿನಲ್ಲಿ ಹೂತುಹೋಗುತ್ತದೆ. ಕಾಂತಕಣದ ಹೆಚ್ಚುಗಾರಿಕೆ ಇರುವುದು ಬಿಟ್ಟುಕೊಡುವುದರಲ್ಲಿ. ಫಾಸ್ಫೇಟ್ ತುಂಬಿಕೊಂಡ ಕಣಗಳನ್ನು ಆಯಸ್ಕಾಂತದಿಂದ ಸೆಳೆದು, ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆಯುತ್ತಾರೆ. ಕ್ಷಾರದ ಹೈಡ್ರಾಕ್ಸೈಡ್ ಅಯಾನುಗಳು ಲೇಪದ ಮೇಲೆ ನೆಲೆಯೂರಿ ಫಾಸ್ಫೇಟನ್ನು ಹೊರದಬ್ಬುತ್ತವೆ. ಕಣಗಳು ಮುಂದಿನ ಸರದಿಗೆ ಸಿದ್ಧ. ಅದೇ ದ್ರಾವಣವನ್ನೂ ಮತ್ತೆಮತ್ತೆ ಬಳಸುವುದರಿಂದ ಅದರಲ್ಲಿ ರಂಜಕದ ಸಾಂದ್ರತೆ ಏರುತ್ತ ಹೋಗುತ್ತದೆ. ಆಮೇಲೆ ಮೆಗ್ನೀಸಿಯಂ ಮತ್ತು ಅಮೋನಿಯಂ ಸೇರಿಸಿ ಕ್ಷಾರತೆಯನ್ನು ಹದಕ್ಕೆ ತಂದರೆ ಸ್ಟ್ರುವೈಟ್ ಎಂಬ ಬಿಳಿ ಹರಳು ಕಟ್ಟುತ್ತದೆ. ನಿಧಾನವಾಗಿ ಕರಗುವ ಗೊಬ್ಬರವಿದು.

ತೊಡಕುಗಳು

ಕಣಗಳು ಹಿಡಿಯುವುದು ಮುಖ್ಯವಾಗಿ ಫಾಸ್ಫೇಟನ್ನು. ಅಮೋನಿಯಂ, ಪೊಟ್ಯಾಶ್ ನೀರಿನಲ್ಲೇ ಉಳಿಯುತ್ತವೆ. ಕರಗಿದ ಸಾವಯವ ಪದಾರ್ಥಗಳೂ ಲೇಪದ ಮೇಲೆ ಕೂತು ಜಾಗ ಕಬಳಿಸುತ್ತವೆ. ಹಾಗಾಗಿ ಹಸಿ ಕೊಳಚೆಗಿಂತ ಎರಡನೇ ಹಂತದ ಶುದ್ಧೀಕರಣ ಮುಗಿಸಿದ ನೀರೇ ಇದಕ್ಕೆ ಅನುಕೂಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಕೋಲಾರದ ಕೆರೆಗಳಿಗೆ ಹರಿಯುವುದು ಅಂಥದೇ ನೀರು. ಆದರೆ ಜಿರ್ಕೋನಿಯಂ ಅಗ್ಗದ್ದಲ್ಲ. ಪ್ರತಿ ಸರದಿಯಲ್ಲೂ ಒಂದಿಷ್ಟು ಕಣ ನೀರಿನೊಂದಿಗೆ ಜಾರಿಹೋದರೆ ಉಳಿತಾಯದ ಲೆಕ್ಕವೇ ತಲೆಕೆಳಗು. ಜರ್ಮನಿಯ ಕಾನೂನು 2029ರಿಂದ ದೊಡ್ಡ ಶುದ್ಧೀಕರಣ ಘಟಕಗಳಿಗೆ ರಂಜಕದ ಮರುಗಳಿಕೆಯನ್ನು ಕಡ್ಡಾಯ ಮಾಡಿದೆಯಾದರೂ, ಅದರ ಕಣ್ಣಿರುವುದು ಕೆಸರು ಮತ್ತು ಅದನ್ನು ಸುಟ್ಟ ಬೂದಿಯ ಮೇಲೆ. ಕಾಂತಕಣಗಳು ಆ ವಿಧಾನಗಳ ಜೊತೆ ಬೆಲೆಯಲ್ಲಿ ಪೈಪೋಟಿ ನಡೆಸಬೇಕಿದೆ.